ಕಾಲುಸಂಕ ಕಟ್ಟಿಸಿದ ಅಜ್ಜ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಪ್ರೀತಿಯ ತಂಗಿ,

ನಿಮ್ಮ ನಾಲ್ಕು ಪುಟದ ಪತ್ರ ತಲುಪಿತು. ಹೆಸರು, ಊರು ಹಾಕಬೇಡಿ ಅಂತ ಕೇಳಿದ್ದೀರಿ, ಹಾಕುವುದಿಲ್ಲ. ಆದರೆ ನಿಮ್ಮ ಪತ್ರ ನೋಡದವರಿಗೂ ಈ ಉತ್ತರ ಅರ್ಥ ಆಗಬೇಕಲ್ವಾ? ಅದಕ್ಕೆ ವಿಷಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ.

ನಿಮ್ಮ ಅಜ್ಜ 1963ರಲ್ಲಿ ಸೇನೆಗೆ ಸೇರಿದರು. ಸೇನೆಯ ಇಂಜಿನಿಯರ್ ದಳವಾದ ಬೆಂಗಳೂರಿನ ಮದ್ರಾಸ್ ಇಂಜಿನಿಯರ್ ಗ್ರೂಪ್‌ನಲ್ಲಿ ತರಬೇತಿ ಪಡೆದರು. 1980ರಲ್ಲಿ ಹವಾಲ್ದಾರ್ ಆಗಿ ನಿವೃತ್ತರಾಗಿ ಉಡುಪಿಯ ಹತ್ತಿರದ ನಿಮ್ಮ ಹಳ್ಳಿಗೆ ಮರಳಿದರು. ಅಲ್ಲಿಂದ ಕಳೆದ ದೀಪಾವಳಿಯವರೆಗೆ ಮನೆ ಮತ್ತು ಊರಿನ ಯುವಕ ಮಂಡಲ, ಇವೆರಡೇ ಅವರ ಲೋಕ. ಈಗ ಅವರಿಲ್ಲ. ಪೇಪರಿನಲ್ಲಿ ‘ಮಾಜಿ ಸೈನಿಕ ನಿಧನ’ ಅಂತ ಮೂರು ಸಾಲು ಬಂತು. ಅದು ನಿಮಗೆ ಸಾಲಲಿಲ್ಲ. ನಮ್ಮ ಪತ್ರಿಕೆಗೆ ಬರೆಯಬೇಕು ಅನ್ನಿಸಿದೆ. ಆದರೆ ಅಜ್ಜ ಯುದ್ಧದ ಬಗ್ಗೆ ಒಂದು ದಿನವೂ ಬಾಯಿ ಬಿಟ್ಟವರಲ್ಲ, ಏನಂತ ಬರೆಯಲಿ ಅಂತ ಕೇಳಿದ್ದೀರಿ. ಇನ್ನೊಂದು ಪ್ರಶ್ನೆ: ಯುವಕ ಮಂಡಲದವರು ಊರಿನ ರಸ್ತೆಗೆ ಅಜ್ಜನ ಹೆಸರಿನ ದ್ವಾರ ಕಟ್ಟೋಣ ಅನ್ನುತ್ತಿದ್ದಾರೆ, ನಿಮ್ಮ ಅಪ್ಪನಿಗೆ ಮನಸ್ಸಿಲ್ಲ. ಯಾರ ಮಾತು ಸರಿ?

ಮೊದಲು ನೀವು ಕೇಳದ ವಿಷಯ. ಪತ್ರದ ಕೊನೆಗೆ ಒಂದೇ ಸಾಲು ಇದೆ, ಅಜ್ಜಿಯ ಪೆನ್ಶನ್ ಇನ್ನೂ ಶುರುವಾಗಿಲ್ಲ ಅಂತ. ಲೇಖನ ಕಾಯಬಹುದು, ಇದು ಕಾಯಬಾರದು. ಕುಟುಂಬ ಪಿಂಚಣಿ ಅಜ್ಜಿಯ ಹಕ್ಕು, ಆದರೆ ವಿಷಯ ತಿಳಿಸಿ ಕಾಗದ ಕೊಡದೆ ಅದು ಬರುವುದಿಲ್ಲ. ಮರಣ ಪ್ರಮಾಣಪತ್ರ, ಅಜ್ಜನ ಪಿಪಿಒ (ಪಿಂಚಣಿ ಮಂಜೂರಾತಿ ಆದೇಶ), ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಬುಕ್, ಅಜ್ಜಿಯ ಆಧಾರ್, ಪಾಸ್‌ಬುಕ್ ಎಲ್ಲ ಒಂದು ಕಡೆ ತೆಗೆದಿಡಿ. ಡಿಸ್ಚಾರ್ಜ್ ಬುಕ್‌ನಲ್ಲಿ ಅಜ್ಜಿಯ ಹೆಸರು ಹೇಗಿದೆ ಅಂತ ಅಕ್ಷರ ಅಕ್ಷರ ನೋಡಿ. ನಮ್ಮ ಕಡೆ ಹಳೆಯ ಕಾಗದದಲ್ಲಿ ಪೂಜಾರ್ತಿ, ಶೆಡ್ತಿ ಅಂತ ಇರುತ್ತದೆ, ಆಧಾರ್‌ನಲ್ಲಿ ಪೂಜಾರಿ, ಶೆಟ್ಟಿ ಅಂತ ಆಗಿರುತ್ತದೆ. ಅಷ್ಟಕ್ಕೇ ಫೈಲು ತಿಂಗಳುಗಟ್ಟಲೆ ನಿಂತದ್ದನ್ನು ನಾನು ನೋಡಿದ್ದೇನೆ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಅಪ್ಪನನ್ನು ಈ ವಾರವೇ ಕಳಿಸಿ. ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಚಿಕಿತ್ಸೆ ಅಜ್ಜಿಗೂ ಮುಂದುವರಿಯುತ್ತದೆ, ಅದನ್ನೂ ವಿಚಾರಿಸಲಿ. ಪೆನ್ಶನ್ ಶುರುವಾದ ಮೇಲೆ ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಕೊಡಿಸುವ ಜವಾಬ್ದಾರಿ ನೀವು ವಹಿಸಿಕೊಳ್ಳಿ.

ಇನ್ನು ಯುದ್ಧದ ವಿಷಯ.

ಪೆಟ್ಟಿಗೆಯಲ್ಲಿ ಪದಕಗಳಿವೆ, ಅದರಲ್ಲಿ ಒಂದು ಪಶ್ಚಿಮಿ ಸ್ಟಾರ್ ಅಂತ ಅಜ್ಜನ ಗೆಳೆಯರು ಗುರುತಿಸಿದರು ಅಂತ ಬರೆದಿದ್ದೀರಿ. 1971ರ ಯುದ್ಧದಲ್ಲಿ ಪಶ್ಚಿಮದ ಗಡಿಯಲ್ಲಿ ಇದ್ದವರಿಗೆ ಆ ಪದಕ, ಪೂರ್ವದಲ್ಲಿ ಇದ್ದವರಿಗೆ ಪೂರ್ವಿ ಸ್ಟಾರ್. ಅಂದರೆ ಆ ಡಿಸೆಂಬರಿನಲ್ಲಿ ಅಜ್ಜ ಯಾವ ದಿಕ್ಕಿನಲ್ಲಿ ಇದ್ದರು ಅನ್ನುವುದು ಗೊತ್ತಾಯಿತು. ಅಜ್ಜಿಯ ಟ್ರಂಕಿನಲ್ಲಿ ಹಳೆಯ ಇನ್‌ಲ್ಯಾಂಡ್ ಪತ್ರಗಳು ಇದ್ದರೆ ವಿಳಾಸ ನೋಡಿ. ‘ಕೇರಾಫ್ 56 ಎಪಿಒ’ ಅಂತ ಇರಬಹುದು, ಅದು ಸೇನೆಯ ಅಂಚೆ ಕಚೇರಿಯ ನಂಬರು. ಊರಿನ ಹೆಸರು ಇರುವುದಿಲ್ಲ. ಅದು ಬೇಕೆಂದೇ ಮಾಡಿದ ಏರ್ಪಾಡು. ಗಂಡ ಯಾವ ಗಡಿಯಲ್ಲಿ ಇದ್ದಾನೆ ಅಂತ ತಿಳಿಯದೆ ಅಜ್ಜಿ ವರ್ಷಗಟ್ಟಲೆ ಆ ಒಂದು ನಂಬರಿಗೆ ಪತ್ರ ಬರೆದಿದ್ದಾರೆ. ಅವರನ್ನು ಹತ್ತಿರ ಕೂರಿಸಿಕೊಂಡು ಅದನ್ನು ಕೇಳಿ. ಅಜ್ಜನ ಯುದ್ಧದ ಕಥೆ ಸಿಗದಿದ್ದರೂ ಅಜ್ಜಿಯ ಯುದ್ಧದ ಕಥೆ ಸಿಗುತ್ತದೆ.

ಆದರೆ ಒಂದು ಎಚ್ಚರ. 1971ರ ಡಿಸೆಂಬರ್ 15ರ ರಾತ್ರಿ ಪಶ್ಚಿಮ ಗಡಿಯ ಬಸಂತರ್ ನದಿಯ ಬಳಿ ನಮ್ಮ ಇಂಜಿನಿಯರುಗಳು ನೆಲಬಾಂಬು ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿದರು. ಕತ್ತಲಲ್ಲಿ ನೆಲ ಕೆದಕುತ್ತಾ ಎಲ್ಲರಿಗಿಂತ ಮುಂದೆ ಹೋಗುವುದು ಅವರ ಕೆಲಸ. ಅಜ್ಜ ಇಂಜಿನಿಯರ್ಸ್, ಪಶ್ಚಿಮದಲ್ಲಿ ಇದ್ದವರು, ಹಾಗಾಗಿ ಅಲ್ಲೇ ಇದ್ದಿರಬೇಕು ಅಂತ ಬರೆದುಬಿಡೋಣ ಅನ್ನಿಸಬಹುದು. ಬೇಡ. ಡಿಸ್ಚಾರ್ಜ್ ಬುಕ್ಕಿನಲ್ಲೋ ರೆಕಾರ್ಡ್ಸ್ ಕಚೇರಿಯ ಕಾಗದದಲ್ಲೋ ಕಂಡರೆ ಮಾತ್ರ ಬರೆಯಿರಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಾನು ಒಮ್ಮೆ ತಪ್ಪಿದ್ದೇನೆ. ವರ್ಷಗಳ ಹಿಂದೆ ಒಬ್ಬ ಮಾಜಿ ಸೈನಿಕರ ಬಗ್ಗೆ ಬಂದ ಬರಹದಲ್ಲಿ ಅವರು ಮುಂಚೂಣಿಯಲ್ಲಿ ಗುಂಡು ಹಾರಿಸಿದರು ಅಂತ ಇತ್ತು. ವಿಚಾರಿಸದೆ ಅಚ್ಚು ಹಾಕಿದೆ. ಮರುವಾರ ಅವರ ಜೊತೆ ಕೆಲಸ ಮಾಡಿದ ಹಿರಿಯರೊಬ್ಬರು ಕಚೇರಿಗೆ ಬಂದರು. ಸಿಟ್ಟು ಮಾಡಲಿಲ್ಲ. ‘ಅವನು ರೇಷನ್ ಲಾರಿ ಓಡಿಸುತ್ತಿದ್ದ. ಹಿಮ ಬಿದ್ದ ದಾರಿಯಲ್ಲಿ ರಾತ್ರಿ ಲೈಟು ಹಾಕದೆ. ಆ ಕೆಲಸವನ್ನು ನೀವು ಅವನಿಂದ ಕಿತ್ತುಕೊಂಡಿರಿ’ ಅಂದರು. ಆ ಮಾತು ನನಗೆ ಇಂದಿಗೂ ಚುಚ್ಚುತ್ತದೆ. ಸುಳ್ಳು ಶೌರ್ಯ ಸೇರಿಸಿದಾಗ ನಿಜವಾದ ಬದುಕು ಅಳಿಸಿಹೋಗುತ್ತದೆ, ತಂಗಿ.

ಅಜ್ಜ ಸೇನೆಯಲ್ಲಿದ್ದದ್ದು 17 ವರ್ಷ. ಊರಿನಲ್ಲಿ ಇದ್ದದ್ದು 40ಕ್ಕೂ ಜಾಸ್ತಿ. ಆ ವರ್ಷಗಳಿಗೆ ಸಾಕ್ಷಿ ನೀವೇ. ನಿಮ್ಮ ಪತ್ರದಲ್ಲಿ ನನಗೆ ತುಂಬ ಹಿಡಿಸಿದ ಭಾಗ ಎರಡನೇ ಪುಟ. ಅಮ್ಮ ಬೆಳಿಗ್ಗೆ ಮೊದಲ ಬಸ್ಸಿಗೆ ಕೆಲಸಕ್ಕೆ ಹೋಗುತ್ತಿದ್ದರು, ನಿಮಗೆ ಎರಡು ಜಡೆ ಹಾಕಿ ರಿಬ್ಬನ್ ಕಟ್ಟುತ್ತಿದ್ದದ್ದು ಅಜ್ಜ. ಸೇನೆಯಲ್ಲಿ ಕಲಿತ ಗಂಟು. ಆಟದಲ್ಲಿ ಎಷ್ಟು ಓಡಿದರೂ ಬಿಚ್ಚುತ್ತಿರಲಿಲ್ಲ, ಸಂಜೆ ಬಿಚ್ಚಲು ಮತ್ತೆ ಅಜ್ಜನೇ ಬೇಕು. ಅಪ್ಪ ಹುಟ್ಟಿ 11 ತಿಂಗಳಾದ ಮೇಲೆ ಅವರಿಗೆ ಮಗನ ಮುಖ ನೋಡಲು ರಜೆ ಸಿಕ್ಕಿತ್ತು ಅಂತಲೂ ಬರೆದಿದ್ದೀರಿ. ನಿವೃತ್ತಿಯಾದಾಗ ಮುಂಬೈಯಲ್ಲಿ ಸೆಕ್ಯೂರಿಟಿ ಕೆಲಸ ಇತ್ತು, ಗಲ್ಫಿಗೂ ಕರೆ ಬಂದಿತ್ತು. ಆ ಕಾಲದಲ್ಲಿ ನಮ್ಮ ಕರಾವಳಿಯಲ್ಲಿ ಅದನ್ನು ಬಿಡುವವರು ಯಾರಿದ್ದರು? ಅಜ್ಜ ಬಿಟ್ಟರು. ಮಗನನ್ನು ಶಾಲೆಗೆ ನಡೆಸಿಕೊಂಡು ಹೋದರು. ಇದನ್ನು ಬರೆಯಿರಿ. ಇನ್ನೂ ವಿವರವಾಗಿ ಬರೆಯಿರಿ.

ಈಗ ಅಜ್ಜ ಊರಿನ ತೋಡಿಗೆ ಹಾಕಿಸುತ್ತಿದ್ದ ಕಾಲುಸಂಕದ, ಅಂದರೆ ನಡೆದು ದಾಟುವ ಮರದ ಕಿರುಸೇತುವೆಯ ವಿಷಯಕ್ಕೆ ಬರುತ್ತೇನೆ. ಪತ್ರದಲ್ಲಿ ಅದನ್ನು ನೀವು ಒಂದು ಪ್ಯಾರಾದಲ್ಲಿ ಮುಗಿಸಿದ್ದೀರಿ, ನನಗೆ ಬೇಸರವಾಯಿತು.

ಮಳೆಗಾಲದಲ್ಲಿ ನಮ್ಮ ಹಳ್ಳಿಗಳು ಹೇಗಿರುತ್ತವೆ ಅಂತ ಪೇಟೆಯವರಿಗೆ ಗೊತ್ತಿರುವುದಿಲ್ಲ. ಬೇಸಿಗೆಯಲ್ಲಿ ಮೊಣಕಾಲು ಮುಳುಗದ ತೋಡು ಜೂನ್ ಬಂದರೆ ಆಳೆತ್ತರ ಹರಿಯುತ್ತದೆ. ಆಚೆ ಶಾಲೆ, ಈಚೆ ಮನೆ, ನಡುವೆ ನಾಲ್ಕು ಅಡಿಕೆ ಮರದ ಕಾಂಡ. ಪಾಚಿ ಕಟ್ಟಿ ಜಾರುತ್ತದೆ. 2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆ ಬಿಟ್ಟು ಬರುತ್ತಿದ್ದ ಪುಟ್ಟ ಹುಡುಗಿ ಕಾಲುಸಂಕದಿಂದ ಬಿದ್ದು ನೀರುಪಾಲಾದಳು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಿಮ್ಮ ಅಜ್ಜ ಪ್ರತಿ ವರ್ಷ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಮೊದಲು ಯುವಕ ಮಂಡಲದ ಹುಡುಗರನ್ನು ಕರೆದುಕೊಂಡು ತೋಡಿಗೆ ಇಳಿಯುತ್ತಿದ್ದರು. ಹಳೆಯ ಕಾಂಡ ತೆಗೆಸಿ ಹೊಸತು ಹಾಕಿಸುತ್ತಿದ್ದರು. ‘ಹೋದ ವರ್ಷದ್ದು ಚೆನ್ನಾಗಿದೆ’ ಅಂದರೆ ಕೇಳುತ್ತಿರಲಿಲ್ಲ. ಕಾಲು ಜಾರದಂತೆ ಕಾಂಡಕ್ಕೆ ತೆಂಗಿನ ನಾರಿನ ಹಗ್ಗ ಸುತ್ತಿಸುತ್ತಿದ್ದರು. ಎರಡೂ ಬದಿಗೆ ಬಿದಿರಿನ ಗಳ. ಅದು ಒಂದೇ ಸಾಲಲ್ಲ, ದೊಡ್ಡವರ ಕೈಗೆ ಒಂದು, ಒಂದನೇ ಕ್ಲಾಸಿನ ಮಗುವಿನ ಕೈಗೆ ಸಿಗುವಂತೆ ಕೆಳಗೆ ಇನ್ನೊಂದು. ಈ ಕೆಳಗಿನ ಗಳದ ವಿಷಯ ಓದಿ ನಾನು ಪತ್ರ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಸೇತುವೆ ಕಟ್ಟುವುದು ಸ್ಯಾಪರ್‌ಗಳ, ಅಂದರೆ ಸೇನೆಯ ಇಂಜಿನಿಯರ್ ದಳದ ಸೈನಿಕರ ಕಸುಬು. ಟ್ಯಾಂಕು, ಲಾರಿ ದಾಟಲು ಕಲಿತ ಕಸುಬನ್ನು ಅವರು ಮಕ್ಕಳು ದಾಟಲು ಬಳಸಿದರು. ಅವರ ಸೈನಿಕ ಬದುಕನ್ನು ಯಾವ ರಣರಂಗದಲ್ಲಿ ಹುಡುಕಲಿ ಅಂತ ನೀವು ಕೇಳಿದಿರಿ. ಆ ತೋಡಿನಲ್ಲಿ ಹುಡುಕಿ.

ಅವರು ಹುಡುಗರನ್ನು ಬೆಳೆಸಿದ ರೀತಿಯೂ ಲೇಖನದಲ್ಲಿ ಬರಬೇಕು. ಪ್ರತಿ ಜುಲೈ 26ಕ್ಕೆ, ಕಾರ್ಗಿಲ್ ವಿಜಯ ದಿನದಂದು, ಮಳೆಯಲ್ಲೇ ಉಡುಪಿಯ ಅಜ್ಜರಕಾಡಿನ ಹುತಾತ್ಮ ಸ್ಮಾರಕಕ್ಕೆ ಕರೆದುಕೊಂಡು ಹೋಗುತ್ತಿದ್ದರು, ಆದರೆ ಯಾರಿಗೂ ಸೇನೆಗೆ ಸೇರು ಅಂತ ಒತ್ತಾಯ ಮಾಡಲಿಲ್ಲ ಅಂತ ಬರೆದಿದ್ದೀರಿ. ನಿಮ್ಮ ಕಾಲೇಜಿನ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಶಿಬಿರಕ್ಕೆ ಬಂದು ಏಳೂ ದಿನ ಹಗ್ಗ ಕಟ್ಟಲು ಕಲಿಸಿದರು. ಎನ್ನೆಸ್ಸೆಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆ ಆಗಬೇಕು. ನೀವು ಗಂಟೆ ಲೆಕ್ಕ ಹಾಕುತ್ತಿದ್ದಾಗ ಅಜ್ಜ, ‘ಗಂಟೆ ಬರೆದುಕೋ, ತಪ್ಪಿಲ್ಲ, ಆದರೆ ಯಾರ ಮನೆಯ ದಾರಿ ಅಂತಲೂ ಪಕ್ಕದಲ್ಲಿ ಬರೆ’ ಅಂದರಂತೆ. ಅವರೇ ಹಾಗೆ ಬರೆಯುತ್ತಿದ್ದರಲ್ವಾ? ಆ ರಟ್ಟಿನ ನೋಟ್‌ಪುಸ್ತಕ. ಯಾವ ವರ್ಷ ಯಾರು ಬಂದರು, ಹಗ್ಗ ಯಾರ ಮನೆಯದು, ಕಾಂಡ ಯಾರ ತೋಟದ್ದು, ಚಾ ಮತ್ತು ಅವಲಕ್ಕಿ ಯಾರು ಕೊಟ್ಟರು. ಅಂಥ ಪುಸ್ತಕ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಇದ್ದರೆ ನನಗೆ ತಿಳಿಸಿ ಅಂತ ಎಲ್ಲ ಓದುಗರನ್ನೂ ಕೇಳುತ್ತೇನೆ.

ದ್ವಾರದ ವಿಷಯದಲ್ಲಿ ನಾನು ನಿಮ್ಮ ಅಪ್ಪನ ಕಡೆ. ಹುಡುಗರ ಪ್ರೀತಿ ದೊಡ್ಡದು, ಅದನ್ನು ನೋಯಿಸಬೇಡಿ. ಅವರನ್ನು ಮನೆಗೆ ಕರೆದು ನೋಟ್‌ಪುಸ್ತಕ ತೆರೆದು ಓದಿ ಹೇಳಿ. ಅವರಲ್ಲಿ ಜಾಸ್ತಿ ಜನರ ಅಪ್ಪಂದಿರ ಹೆಸರು ಅದರಲ್ಲಿ ಇರುತ್ತದೆ. ದ್ವಾರಕ್ಕೆ ಸೇರಿದ ದುಡ್ಡು ಎಷ್ಟಿದೆಯೋ ಅಷ್ಟನ್ನೂ ಆ ತೋಡಿಗೆ ಕಾಂಕ್ರೀಟ್ ಕಿರುಸೇತುವೆ ಬರುವವರೆಗೆ ಸಂಕಕ್ಕೆ ಎತ್ತಿಡಲಿ. ಸೇತುವೆಗೆ ಪಂಚಾಯತಿಗೆ ಅರ್ಜಿ ಕೊಡಿ, ಶಾಲೆಗೆ ಹೋಗುವ ಮಕ್ಕಳ ಸಂಖ್ಯೆ ಬರೆಯಿರಿ, ಮಳೆಗಾಲದ ಫೋಟೊ ಲಗತ್ತಿಸಿ. ಅರ್ಜಿಯ ಪ್ರತಿ ನಮಗೂ ಕೊಡಿ, ಪತ್ರಿಕೆಯಲ್ಲಿ ಹಾಕುತ್ತೇವೆ, ಉತ್ತರ ಬರುವವರೆಗೆ ಕೇಳುತ್ತಲೂ ಇರುತ್ತೇವೆ. ಈ ಸಲ ಅಜ್ಜ ಇಲ್ಲ ಅಂತ ಮೇ ತಿಂಗಳ ಕೆಲಸ ನಿಲ್ಲುವುದು ಬೇಡ. ಅಳತೆ ಯಾರಿಗೆ ಗೊತ್ತು ಅಂತ ಹುಡುಗರು ಕೇಳಬಹುದು. ಕೆಳಗಿನ ಗಳ ಎಷ್ಟು ಎತ್ತರಕ್ಕೆ ಇರಬೇಕು ಅಂತ ನಿಮಗೆ ಗೊತ್ತಿದೆ, ಅದನ್ನು ಹಿಡಿದುಕೊಂಡೇ ನೀವು ಶಾಲೆಗೆ ಹೋದವರು.

ಲೇಖನಕ್ಕೆ ಪುಟದ ಮಿತಿ ಇಲ್ಲ, ಗಡುವೂ ಇಲ್ಲ. ನೋಟ್‌ಪುಸ್ತಕವನ್ನು ಮಾತ್ರ ಅಂಚೆಯಲ್ಲಿ ಕಳಿಸಬೇಡಿ, ಕಳೆದುಹೋದರೆ ಮತ್ತೆ ಸಿಗುವುದಿಲ್ಲ. ನಾನೇ ಬಂದು ಅಲ್ಲೇ ಕೂತು ಓದುತ್ತೇನೆ. ಅಜ್ಜಿಗೆ ಯಾವ ದಿನ ಅನುಕೂಲ ಅಂತ ಕೇಳಿ ತಿಳಿಸಿ.

ನಿಮ್ಮ,
ಸಂಪಾದಕ