ಮಾಂಟೆರ್ರೆಯಲ್ಲಿ ಗೋಡೆಯಾಚೆಯ ಅಕಾರ್ಡಿಯನ್

ನೀವು ಕೇಳಿದ್ದು ಎರಡು. ಉತ್ತರ ಮೆಕ್ಸಿಕೋದ ಮಾಂಟೆರ್ರೆಗೆ ಬಂದು ಮೂರು ವಾರವಾಯಿತು, ಶನಿವಾರ ಪಕ್ಕದ ಮನೆಯ ಸ್ಪೀಕರ್ ರಾತ್ರಿ ಎರಡರವರೆಗೂ ನಿಲ್ಲುವುದಿಲ್ಲ, ಏನು ಮಾಡಲಿ? ಇನ್ನೊಂದು, ದೊಡ್ಡ ಟೋಪಿಯ ಮರಿಯಾಚಿ ಮೇಳದ ಹಾಡು ಕೇಳುವ ಆಸೆಯಿಂದ ಬಂದರೆ ಇಲ್ಲಿ ಬರೀ ಅಕಾರ್ಡಿಯನ್, ಜೊತೆಗೆ ರ‍್ಯಾಪ್. ಅಸಲಿ ಮೆಕ್ಸಿಕನ್ ಜಾನಪದ ಎಲ್ಲಿ ಸಿಗುತ್ತದೆ?

ನಾನಿಲ್ಲಿಗೆ ಬಂದು 11 ವರ್ಷ. ನನ್ನ ಪ್ರಕಾರ ಎರಡಕ್ಕೂ ಉತ್ತರ ಆ ಗೋಡೆಯಾಚೆಯೇ ಇದೆ.

ಮರಿಯಾಚಿ ಪಶ್ಚಿಮದ ಹಲಿಸ್ಕೊ ರಾಜ್ಯದ ಕಡೆಯದು. ಇಲ್ಲೂ ಮದುವೆಗೆ, ಹುಟ್ಟುಹಬ್ಬಕ್ಕೆ ಕರೆಸುತ್ತಾರೆ. ಆದರೆ ಈ ಸೀಮೆಯದು ನೊರ್ತೆನ್ಯೊ, ಅಂದರೆ ಉತ್ತರದ ಸಂಗೀತ. ಗುಂಡಿ ಒತ್ತಿ ನುಡಿಸುವ ಅಕಾರ್ಡಿಯನ್, ಜೊತೆಗೆ ಗಿಟಾರಿನಂಥ 12 ತಂತಿಯ ಬಾಹೊ ಸೆಸ್ತೊ. ಅಕಾರ್ಡಿಯನ್ ಕೂಡ ಹೊರಗಿನದೇ. 19ನೇ ಶತಮಾನದಲ್ಲಿ ಜರ್ಮನ್ ವಲಸಿಗರ ಕಡೆಯಿಂದ ಬಂತು, ಪೋಲ್ಕಾ ಕುಣಿತವೂ ಹಾಗೇ. ನಮ್ಮ ಕಛೇರಿಯಲ್ಲಿ ಪಿಟೀಲು ಪರದೇಶದ್ದು ಅಂತ ಯಾರಾದರೂ ಎದ್ದು ಹೋಗುತ್ತಾರಾ? ಇಲ್ಲ ಅಲ್ವಾ?

ಆಮೇಲೆ ಕೊಲಂಬಿಯಾದಿಂದ ಕುಂಬಿಯಾ ಅನ್ನೋ ಕುಣಿತದ ಸಂಗೀತ ಬಂತು. ಗುಡ್ಡದ ಮೇಲಿನ ಬಡ ಬಡಾವಣೆಗಳ ಜನ ಅದನ್ನು ತಮ್ಮದೇ ಮಾಡಿಕೊಂಡರು. ಒಂದು ರಾತ್ರಿ ಕುಣಿತದ ಮಧ್ಯೆ ಹಾಡು ಹಾಕುವವನ ಯಂತ್ರದ ಮೋಟಾರು ಕಾದು, ಹಾಡು ಎಳೆದೆಳೆದು ಬರತೊಡಗಿತಂತೆ. ಕುಣಿಯುವವರು ಬೈಯಲಿಲ್ಲ, ಹಾಗೇ ಇರಲಿ ಅಂದರಂತೆ. ಅದೇ ಕುಂಬಿಯಾ ರೆಬಾಹಾದಾ, ಅಂದರೆ ವೇಗ ಇಳಿಸಿದ ಕುಂಬಿಯಾ. ಮೊದಲು ಕೇಳಿದಾಗ ನನಗೆ ಸೆಲ್ ಮುಗಿದ ಟೇಪ್ ರೆಕಾರ್ಡರ್ ನೆನಪಾಗಿತ್ತು. ಈಗ ಪಾತ್ರೆ ತೊಳೆಯುವಾಗ ಅದೇ ಬೇಕು.

ಕುಂಬಿಯಾ ಕಲಾವಿದ ಸೆಲ್ಸೊ ಪಿನ್ಯಾ ಅವರನ್ನು ಕೇಳದೆ ಇರಬೇಡಿ. ಇದೇ ಊರಿನವರು, ಅಕಾರ್ಡಿಯನ್ ತಾವಾಗಿಯೇ ಕಲಿತವರು. 2001ರ 'ಬಾರ್ರಿಯೊ ಬ್ರಾವೊ' ಆಲ್ಬಮ್‌ಗೆ ಹಿಪ್‌ಹಾಪ್, ರಾಕ್ ಹುಡುಗರನ್ನು ಕರೆದು ಕೂರಿಸಿಕೊಂಡರು. ಅಷ್ಟು ಜನ ಬಂದರೂ ಅಕಾರ್ಡಿಯನ್ ಮಾತ್ರ ಯಾರಿಗೂ ಜಾಗ ಬಿಟ್ಟುಕೊಟ್ಟಿಲ್ಲ. 2019ರಲ್ಲಿ ತೀರಿಕೊಂಡರು. ಆ ವಾರ ನಾನು ಹತ್ತಿದ ಟ್ಯಾಕ್ಸಿಗಳಲ್ಲೆಲ್ಲ ಅವರದೇ ಹಾಡು.

ಈಗಿನ ಹುಡುಗರದು ಕೊರಿದೊಸ್ ತುಂಬಾದೊಸ್. ಹಳೆಯ ಕಥೆಹಾಡಿನ ಧಾಟಿಗೆ ಗಿಟಾರು, ತುತ್ತೂರಿ, ಮೇಲೆ ರ‍್ಯಾಪಿನ ಗತ್ತು. ಕೇಳಿ, ಆದರೆ ಅರ್ಥ ಗೊತ್ತಿಲ್ಲದೆ ಹಾಡಬೇಡಿ. ಅವುಗಳಲ್ಲಿ ಕೆಲವು, ಡ್ರಗ್ಸ್ ದೊರೆಗಳನ್ನು ಹೊಗಳುವಂಥವು. ನಾನು ಒಂದನ್ನು ಆಫೀಸ್ ಕ್ಯಾಂಟೀನಿನಲ್ಲಿ ಸುಮ್ನೆ ಗುನುಗಿದ್ದೆ. ಜೊತೆಗಿದ್ದವಳು ಚಮಚ ಕೆಳಗಿಟ್ಟು, "ಇದು ಯಾರ ಬಗ್ಗೆ ಗೊತ್ತಾ?" ಅಂತ ಪಿಸುಗುಟ್ಟಿದಳು.

ಇನ್ನು ನಿದ್ದೆ. ಪೊಲೀಸರಿಗೆ ಫೋನ್ ಮಾಡೋ ಯೋಚನೆ ಬಿಡಿ. ಶನಿವಾರ ಪಕ್ಕದ ಮನೆಯಲ್ಲಿ ಮಾಂಸ ಸುಡುವ ಒಲೆಯ ಹೊಗೆ ಕಂಡ ಕೂಡಲೇ ಅಂಗಡಿಯಿಂದ ಒಂದು ಚೀಲ ಐಸ್ ತಗೊಂಡು ಹೋಗಿ ಗೇಟು ತಟ್ಟಿ. ಅವರ ಮನೆಯಲ್ಲಿ ಐಸ್ ಯಾವಾಗಲೂ ಸಾಲುವುದಿಲ್ಲ. ಮಾಂಸ ತಿನ್ನದಿದ್ದರೂ ಚಿಂತೆಯಿಲ್ಲ. ಕೆಂಡದ ಮೇಲೆ ಸುಟ್ಟ ಎಳೆ ಈರುಳ್ಳಿ ಇರುತ್ತದೆ, ನಿಂಬೆ ಹಿಂಡಿ ತೋರ್ತಿಯಾ ರೊಟ್ಟಿಯಲ್ಲಿ ಸುತ್ತಿಕೊಳ್ಳಿ. ಮನೆಯ ಅಜ್ಜಿ ಕುಣಿಯೋಕೆ ಕರೆದರೆ ನಾಚಿಕೊಳ್ಳಬೇಡಿ. ಮತ್ತೆ, ರೆಬಾಹಾದಾ ಹಾಕಿ ಅಂತ ಅವರ ಮೊಮ್ಮಗನಿಗೆ ಹೇಳಿ. ನಿಧಾನ ಇರುತ್ತದೆ, ಕಾಲಿಗೆ ಸಮಯ ಸಿಗುತ್ತದೆ.