ಪೋಕರ್ ಟೂರ್ನಿಯಲ್ಲಿ ಎಲ್ಲರ ಚಿಪ್ಸ್ ಎಣಿಸಿ ಬರೆದಿಟ್ಟರೆ ಯಾರ ಆಟದ ಶೈಲಿ ಒಳ್ಳೆಯದು ಅಂತ ಗೊತ್ತಾಗುತ್ತಾ?

ಪ್ರತಿ ಲೆವೆಲ್ (ಆಟದ ಒಂದೊಂದು ಹಂತ) ಮುಗಿದಾಗ ಎಲ್ಲರ ಚಿಪ್ಸ್, ಅಂದರೆ ಪಣಕ್ಕಿಡುವ ಬಿಲ್ಲೆ, ಎಣಿಸಿ ಗ್ರಾಫ್ ಹಾಕುತ್ತೇನೆ ಅಂತ ಪ್ರಶ್ನೆಯಲ್ಲಿ ಬರೆದಿದ್ದಿರಲ್ಲ, ಓದಿ ನಗು ಬಂತು. ಅಂಥದ್ದೇ ಒಂದು ನೋಟ್‌ಬುಕ್ ನನ್ನ ಹತ್ತಿರವೂ ಇದೆ.

ಶನಿವಾರ ರಾತ್ರಿ ನಮ್ಮ ಮನೆಯಲ್ಲಿ ಎಂಟು ಜನ ಸೇರುತ್ತಿದ್ದೆವು. ದುಡ್ಡಿಲ್ಲದ ಆಟ, ತಲೆಗೆ 10,000 ಚಿಪ್ಸ್. ಒಬ್ಬ ಗೆಳೆಯ ಕಂಡಕಂಡ ಎಲೆಗೆಲ್ಲ ಚಿಪ್ಸ್ ಸುರಿಯುವವನು. ಗ್ರಾಫಿನಲ್ಲಿ ಅವನ ಗೆರೆ ಘಾಟಿ ರಸ್ತೆ. ನಾನು ಒಳ್ಳೆ ಎಲೆಗೆ ಕಾಯುವವನು. ನನ್ನ ಗೆರೆ 9,000ದ ಹತ್ತಿರ ನೆಟ್ಟಗೆ. ಹನ್ನೆರಡು ವಾರ ಬರೆದು, ಹೀಗೆ ಕಾದು ಆಡುವ ಟೈಟ್ ಆಟವೇ ಸರಿ ಅಂತ ತೀರ್ಮಾನ ಮಾಡಿಬಿಟ್ಟೆ.

ಎಡವಿದ್ದು ಅಲ್ಲೇ. ಚಿಪ್ಸ್ ಬರೆದೆ, ಬ್ಲೈಂಡ್ ಬರೆಯಲಿಲ್ಲ. ಬ್ಲೈಂಡ್ ಅಂದರೆ ಎಲೆ ನೋಡುವ ಮುಂಚೆಯೇ ಸರದಿಯಂತೆ ಇಬ್ಬರು ಹಾಕಲೇಬೇಕಾದ ಚಿಪ್ಸ್, ಒಂದು ಸ್ಮಾಲ್, ಒಂದು ಬಿಗ್. ಲೆವೆಲ್ ಏರಿದಂತೆ ಅದೂ ಏರುತ್ತದೆ. ಬ್ಲೈಂಡ್ 50/100 ಇದ್ದಾಗ 9,000 ಅಂದರೆ 90 ಬಿಗ್ ಬ್ಲೈಂಡ್. 500/1,000ಕ್ಕೆ ಏರಿದಾಗ ಅದೇ 9,000 ಬರೀ 9. ಸರದಿ ಮೇಜನ್ನು ಒಂದು ಸುತ್ತು ಬಂದರೆ 1,500 ಹೋಗುತ್ತದೆ. ಏನೂ ಆಡದೆ ಕೂತರೂ ಆರು ಸುತ್ತಿಗೆ ಖಾಲಿ. ಮೇಜಿನ ಮೇಲಿರುವುದು ಒಟ್ಟು 80,000. ನಾಲ್ವರು ಔಟಾದ ಮೇಲೆ ಸರಾಸರಿಯೇ 20,000, ನನ್ನದು ಅದರ ಅರ್ಧವೂ ಇಲ್ಲ. ಸಂಬಳ ಅಷ್ಟೇ ಇದ್ದು ಬಾಡಿಗೆ ಮಾತ್ರ ಏರುತ್ತಾ ಹೋದ ಹಾಗೆ. ಪಾಸ್‌ಬುಕ್ಕಿನಲ್ಲಿ ಸಂಬಳದ ಸಾಲು ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ!

ಆ ಗೆರೆ ನಂಬಿ ಗೋವಾಕ್ಕೆ ಹೋದೆ. ಮಾಂಡೋವಿ ನದಿಯ ಮೇಲಿನ ಕ್ಯಾಸಿನೋ ಹಡಗು, 15,000 ರೂಪಾಯಿ ಎಂಟ್ರಿ. ಮೂರು ಗಂಟೆ ಕಾದೆ. 9 ಬ್ಲೈಂಡ್ ಉಳಿದಾಗ ಕಿಂಗ್-ಜ್ಯಾಕ್ ಹಿಡಿದು, ಹೆದರಿಸೋಣ ಅಂತ ಆಲ್-ಇನ್ ಅಂದೆ, ಇದ್ದ ಚಿಪ್ಸೆಲ್ಲ ಹಾಕಿದೆ. ಎದುರಿನವರು ಏಸ್-ಒಂಬತ್ತು ಇಟ್ಟುಕೊಂಡು ಯೋಚನೆಯೇ ಮಾಡದೆ ಕಾಲ್ ಮಾಡಿದರು, ಅಂದರೆ ಅಷ್ಟೇ ಚಿಪ್ಸ್ ಅವರೂ ಹಾಕಿದರು. ನನ್ನ ಹತ್ತಿರ 25 ಬ್ಲೈಂಡ್ ಇದ್ದಿದ್ದರೆ ಎಲೆ ಬಿಟ್ಟು ಫೋಲ್ಡ್ ಮಾಡುತ್ತಿದ್ದರೇನೋ. ಅವರ ಏಸೇ ಗೆದ್ದಿತು.

ಹಾಗಂತ ಬ್ಲೈಂಡಿನಿಂದ ಭಾಗಿಸಿ ಬರೆದರೆ ಸಾಕಾ? ನನ್ನ ಪ್ರಕಾರ ಇಲ್ಲ. ಏಸ್ ಜೋಡಿ ಕೂಡ ಕಿಂಗ್ ಜೋಡಿಗೆ ಹೆಚ್ಚುಕಡಿಮೆ ಐದಕ್ಕೊಂದು ಸಲ ಸೋಲುತ್ತದೆ. ಅವತ್ತು ಗೆರೆ ಸೊನ್ನೆಗೆ ಬಿದ್ದರೆ ಅದು ಶೈಲಿಯ ತಪ್ಪಾ? ಸ್ಟ್ಯಾಕ್ (ಮುಂದಿರುವ ಚಿಪ್ಸ್ ರಾಶಿ) ನೋಡಿ ಶೈಲಿ ಹೇಳುವ ಆಸೆಯನ್ನೇ ಬಿಟ್ಟುಬಿಡಿ. ಬ್ಲೈಂಡ್ ಬಿಟ್ಟು, ನೂರು ಸಲ ಎಲೆ ಹಂಚಿದಾಗ ಆಟಗಾರ ಎಷ್ಟು ಸಲ ತಾನಾಗಿ ಚಿಪ್ಸ್ ಹಾಕಿದ, ಫ್ಲಾಪ್‌ಗೆ (ಮೇಜಿನ ಮೇಲೆ ತೆರೆದಿಡುವ ಮೊದಲ ಮೂರು ಎಲೆ) ಮುಂಚೆ ಎಷ್ಟು ಸಲ ಪಣ ಏರಿಸಿ ರೈಸ್ ಮಾಡಿದ, ಅದನ್ನು ಬರೆಯಿರಿ. ಅದೂ ಒಬ್ಬರದ್ದು ಮಾತ್ರ. ಎಂಟು ಜನರದ್ದು ಬರೆಯಲು ಹೋದರೆ ನಿಮ್ಮ ಆಟ ಆಡುವವರು ಯಾರು?

ನಾನು ಆ ಗೆಳೆಯನದ್ದೇ ಬರೆದೆ. ನೂರಕ್ಕೆ ಅರವತ್ತಾದರೂ ಆಡುತ್ತಾನೆ ಅಂದುಕೊಂಡಿದ್ದೆ. ಬಂದಿದ್ದು 34. ನನ್ನದು 11.