ಆ ‘ತಂತಿ’ಯನ್ನು ಮೊದಲು ತೆಗೆಯಿರಿ

ನಮಸ್ಕಾರ,

‘ನರಮಂಡಲ: ದೇಹದೊಳಗಿನ ವಿದ್ಯುತ್ ಜಾಲ’ ಅನ್ನುವ ನಿಮ್ಮ ಲೇಖನವನ್ನು ನಿನ್ನೆ ರಾತ್ರಿ ಎರಡು ಸಲ ಓದಿದೆ. ಮಿದುಳು, ಬೆನ್ನುಹುರಿ, ನರಗಳು ಹೇಗಿವೆ, ಏನು ಮಾಡುತ್ತವೆ ಅಂತ ಶಾಲೆ ಬಿಟ್ಟು ಬಹಳ ವರ್ಷ ಆದವರಿಗೂ ತಿಳಿಯುವ ಹಾಗೆ ಹೇಳಬೇಕು ಅನ್ನುವುದು ನಿಮ್ಮ ಆಸೆ. ಒಳ್ಳೆಯ ಆಸೆ. ಭಾಷೆ ಶುದ್ಧವಾಗಿದೆ. ಮಿದುಳಿನಿಂದ ಹೊರಡುವ ನರಗಳು 12 ಜೋಡಿ, ಬೆನ್ನುಹುರಿಯಿಂದ ಹೊರಡುವವು 31 ಜೋಡಿ, ಲೆಕ್ಕ ಸರಿಯಾಗಿದೆ. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ನನ್ನಿಂದ ಆಗುವುದಿಲ್ಲ.

ಕಾರಣ ಒಂದು ಪದ. ತಂತಿ. ಎಣಿಸಿದೆ, 17 ಸಲ ಬಂದಿದೆ. ಓದುತ್ತಾ ಹೋದ ಹಾಗೆ ನನಗೆ ಸಿಟ್ಟು ಬಂತು. ನಿಮ್ಮ ಮೇಲಲ್ಲ, ಆ ಪದದ ಮೇಲೆ. ಅದರ ಜೊತೆ ನನ್ನದೊಂದು ಹಳೆಯ ಲೆಕ್ಕ ಇದೆ, ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಸಾಲುಗಳನ್ನೇ ನೋಡೋಣ.

“ಸಂಕೇತಗಳು ಈ ತಂತಿಗಳಲ್ಲಿ ವಿದ್ಯುತ್ತಿನ ವೇಗದಲ್ಲೇ ಹರಿಯುತ್ತವೆ.” ಇಲ್ಲ, ಹರಿಯುವುದಿಲ್ಲ. ತಾಮ್ರದ ತಂತಿಯಲ್ಲಿ ಸಂಕೇತ ಸೆಕೆಂಡಿಗೆ ಲಕ್ಷ ಕಿಲೋಮೀಟರಿಗೂ ಜಾಸ್ತಿ ದೂರ ಓಡುತ್ತದೆ. ನಮ್ಮ ಅತ್ಯಂತ ಚುರುಕಾದ ನರದ ಎಳೆಯಲ್ಲಿ ಅದು ಸೆಕೆಂಡಿಗೆ ಸುಮಾರು 120 ಮೀಟರ್, ಅಷ್ಟೇ. ನಿಧಾನದ ಎಳೆಗಳಲ್ಲಿ ಒಂದೆರಡು ಮೀಟರ್, ಅಂದರೆ ನಾವು ನಡೆಯುವ ವೇಗ. ಕಾಲ್ಬೆರಳು ಮಂಚದ ಕಾಲಿಗೆ ಬಡಿದಾಗ ಏನಾಗುತ್ತದೆ ನೆನಪು ಮಾಡಿಕೊಳ್ಳಿ. ಮೊದಲು ಚುರ್ ಅನ್ನುವ ಒಂದು ನೋವು. ಆಮೇಲೆ ಒಂದು ಕ್ಷಣ ಬಿಟ್ಟು, ನಿಜವಾಗಲೂ ಎಣಿಸಬಹುದಾದಷ್ಟು ಹೊತ್ತು ಬಿಟ್ಟು, ಉರಿಯುವ, ಮಿಡಿಯುವ ಇನ್ನೊಂದು ನೋವು. ಎರಡೂ ಒಂದೇ ಬೆರಳಿಂದ ಒಂದೇ ಹೊತ್ತಿಗೆ ಹೊರಟವು. ಒಂದು ವೇಗದ ಎಳೆಯಲ್ಲಿ ಬಂತು, ಇನ್ನೊಂದು ನಿಧಾನದ ಎಳೆಯಲ್ಲಿ. ಪ್ರತಿ ಓದುಗನೂ ತನ್ನ ಮೈಯಲ್ಲೇ ಪರೀಕ್ಷೆ ಮಾಡಿ ನೋಡಿರುವ ಸಂಗತಿ ಇದು! ಇದನ್ನು ಬಿಟ್ಟು ‘ವಿದ್ಯುತ್ತಿನ ವೇಗ’ ಅಂತ ಬರೆದುಬಿಟ್ಟಿರಲ್ಲ.

ಈ ವೇಗವನ್ನು ಅಳೆಯಲು ಆಗುವುದೇ ಇಲ್ಲ ಅಂತ ದೊಡ್ಡ ವಿಜ್ಞಾನಿಗಳೇ ನಂಬಿದ್ದ ಕಾಲ ಇತ್ತು. 1850ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ಕಾಲಿನ ನರಕ್ಕೆ ಒಮ್ಮೆ ಸ್ನಾಯುವಿನ ಹತ್ತಿರ, ಒಮ್ಮೆ ದೂರದಲ್ಲಿ ವಿದ್ಯುತ್ ಮುಟ್ಟಿಸಿ, ಸ್ನಾಯು ಸೆಳೆಯಲು ತೆಗೆದುಕೊಂಡ ಸಮಯದ ವ್ಯತ್ಯಾಸ ಹಿಡಿದ. ಸೆಕೆಂಡಿಗೆ ಸುಮಾರು 27 ಮೀಟರ್ ಬಂತು. ‘ತಂತಿ’ ಅನ್ನುವ ಕಲ್ಪನೆ ಆವತ್ತೇ ಅಲುಗಾಡಿತ್ತು.

ಮುಂದಿನ ಸಾಲು. “ಮಿದುಳಿನಿಂದ ಬೆರಳ ತುದಿಯವರೆಗೆ ಎಳೆದ ಒಂದೇ ತಂತಿ.” ಒಂದೇ ಅಲ್ಲ. ಬೆರಳು ಮಡಚಬೇಕು ಅಂತ ಹೊರಟ ಸಂಕೇತ ಮಿದುಳಿನ ಒಂದು ನರಕೋಶದ ಬಾಲ ಹಿಡಿದು ಬೆನ್ನುಹುರಿಗೆ ಇಳಿಯುತ್ತದೆ. ಅಲ್ಲಿ ಆ ಕೋಶ ಮುಗಿಯುತ್ತದೆ. ನಡುವೆ ಒಂದು ಸಂದು. ಆಚೆ ಇನ್ನೊಂದು ಕೋಶ, ಅದರ ಬಾಲ ತೋಳಿನ ಉದ್ದಕ್ಕೂ ಹೋಗಿ ಸ್ನಾಯುವಿನ ಹತ್ತಿರ ನಿಲ್ಲುತ್ತದೆ. ಅಲ್ಲೂ ಸಂದು. ಈ ಸಂದು ಕೆಲವೇ ಹತ್ತು ನ್ಯಾನೋಮೀಟರ್ ಅಗಲ, ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲು. ತಂತಿ ಅಷ್ಟು ಕಡಿದಿದ್ದರೂ ಕೆಲಸ ನಿಲ್ಲುತ್ತಿತ್ತು. ನರದಲ್ಲಿ ಹೆಚ್ಚಿನ ಕಡೆ ಸಂಕೇತ ಆ ಸಂದಿನ ದಡದಲ್ಲಿ ವಿದ್ಯುತ್ತಿನ ರೂಪ ಬಿಟ್ಟು ರಾಸಾಯನಿಕವಾಗಿ ದಾಟುತ್ತದೆ. 1921ರಲ್ಲಿ ವಿಜ್ಞಾನಿ ಒಟ್ಟೊ ಲೋವಿ ಇದನ್ನು ತೋರಿಸಿದ ರೀತಿ ನನಗೆ ಇವತ್ತಿಗೂ ಮೈ ಜುಮ್ಮೆನಿಸುತ್ತದೆ. ಒಂದು ಕಪ್ಪೆಯ ಹೃದಯದ ನರ ಕೆರಳಿಸಿ ಬಡಿತ ನಿಧಾನ ಮಾಡಿದ. ಆ ಹೃದಯ ಮುಳುಗಿದ್ದ ದ್ರವವನ್ನು ತೆಗೆದು ನರವೇ ಇಲ್ಲದ ಇನ್ನೊಂದು ಹೃದಯಕ್ಕೆ ಹಾಕಿದ. ಅದೂ ನಿಧಾನವಾಯಿತು! ಸುದ್ದಿ ಆ ದ್ರವದಲ್ಲಿತ್ತು.

ನರಮಂಡಲ ಒಂದಕ್ಕೊಂದು ಅಂಟಿದ ಜಾಲವೋ, ಬಿಡಿ ಬಿಡಿ ಕೋಶಗಳೋ ಅನ್ನುವುದು ಒಂದು ಕಾಲದ ದೊಡ್ಡ ಜಗಳ. ಇಟಲಿಯ ವಿಜ್ಞಾನಿ ಗಾಲ್ಜಿ ‘ಜಾಲ’ ಅಂದ, ಸ್ಪೇನಿನ ಕಹಾಲ್ ‘ಕೋಶಗಳು’ ಅಂದ. 1906ರಲ್ಲಿ ನೊಬೆಲ್ ಇಬ್ಬರಿಗೂ ಸೇರಿ ಬಂತು, ಆ ವೇದಿಕೆಯ ಮೇಲೂ ಇಬ್ಬರೂ ಒಪ್ಪಲಿಲ್ಲ. ಗೆದ್ದದ್ದು ಕಹಾಲ್ ಮಾತು. ನಿಮ್ಮ ‘ಒಂದೇ ತಂತಿ’ ಗೊತ್ತಿಲ್ಲದೆ ಗಾಲ್ಜಿಯ ಪಕ್ಷ ಸೇರಿಕೊಂಡಿದೆ.

“ಮಯಲಿನ್ ಎಂಬ ಕೊಬ್ಬಿನ ಪದರ ತಂತಿಯ ಮೇಲಿನ ಪ್ಲಾಸ್ಟಿಕ್ಕಿನಂತೆ ರಕ್ಷಣೆ ಕೊಡುತ್ತದೆ.” ಅರ್ಧ ಸರಿ, ಮುಖ್ಯವಾದ ಅರ್ಧ ಬಿಟ್ಟುಹೋಗಿದೆ. ಆ ಹೊದಿಕೆ ಇರುವುದು ಮುಖ್ಯವಾಗಿ ವೇಗಕ್ಕೆ. ಅದು ಉದ್ದಕ್ಕೂ ಒಂದೇ ಸಮ ಇಲ್ಲ, ದಪ್ಪ ಎಳೆಗಳಲ್ಲಿ ಹೆಚ್ಚುಕಡಿಮೆ ಮಿಲಿಮೀಟರಿಗೊಂದರಂತೆ ಬಿರುಕು ಬಿಟ್ಟಿದೆ. ಬಿರುಕಿನ ಜಾಗದಲ್ಲಿ ಮಾತ್ರ ಪೊರೆ ಬರಿದಾಗಿರುತ್ತದೆ. ಅಲ್ಲಿ ಸಣ್ಣ ಬಾಗಿಲುಗಳು ತೆರೆದು ಹೊರಗಿನ ಸೋಡಿಯಂ ಅಯಾನುಗಳು, ಅಂದರೆ ವಿದ್ಯುದಂಶ ಇರುವ ಕಣಗಳು, ಒಳಗೆ ನುಗ್ಗುತ್ತವೆ, ಆ ನುಗ್ಗಾಟ ಮುಂದಿನ ಬಿರುಕಿನ ಬಾಗಿಲುಗಳನ್ನು ತೆರೆಸುತ್ತದೆ, ಹೀಗೆ ಸಂಕೇತ ಕುಪ್ಪಳಿಸುತ್ತಾ ಹೋಗುತ್ತದೆ. ಪ್ಲಾಸ್ಟಿಕ್ ಹರಿದ ತಂತಿ ಅಪಾಯ. ಆದರೆ ಈ ಎಳೆಗೆ ವೇಗ ಬರುವುದು ಹೊದಿಕೆಯೂ ಬಿರುಕುಗಳೂ ಸೇರಿಯೇ. ತಂತಿಯಲ್ಲಿ ದೂರ ಹೋದಷ್ಟೂ ಸಂಕೇತ ಸೊರಗುತ್ತದೆ. ಇಲ್ಲಿ ಪ್ರತಿ ನಿಲ್ದಾಣದಲ್ಲೂ ಹೊಸದಾಗಿ ಹುಟ್ಟುವುದರಿಂದ ಸೊಂಟದಿಂದ ಹೊರಟದ್ದು ಪಾದಕ್ಕೆ ಅಷ್ಟೇ ಗಟ್ಟಿಯಾಗಿ ತಲುಪುತ್ತದೆ. ನಿಮಗೆ ಹೋಲಿಕೆ ಬೇಕೇ ಬೇಕು ಅಂದರೆ ಪಟಾಕಿಯ ಬತ್ತಿ ವಾಸಿ, ಉರಿಯುವ ಜಾಗ ಮುಂದಿನ ಜಾಗಕ್ಕೆ ಬೆಂಕಿ ಹಚ್ಚುತ್ತದೆ. ಆದರೆ ಬತ್ತಿ ಒಂದೇ ಸಲ ಉರಿಯುವುದು, ನರದ ಎಳೆ ಒಂದೆರಡು ಮಿಲಿಸೆಕೆಂಡಿನಲ್ಲಿ ಮತ್ತೆ ತಯಾರಾಗುತ್ತದೆ ಅನ್ನುವುದನ್ನೂ ಅಲ್ಲೇ ಹೇಳಬೇಕು.

ಈಗ ನನ್ನ ಹಳೆಯ ಲೆಕ್ಕ. ನೀವು ಹೀಗೆ ಬರೆದಿದ್ದೀರಿ: “ತಂತಿ ತುಂಡಾದರೆ ದೀಪ ಆರುತ್ತದೆ, ಜೋಡಿಸಿದರೆ ಮತ್ತೆ ಹತ್ತುತ್ತದೆ, ನರವೂ ಹಾಗೆಯೇ.” ಈ ಸಾಲಿನ ಹತ್ತಿರ ಬಂದಾಗ ಓದುವುದು ನಿಲ್ಲಿಸಿ ಎದ್ದು ಓಡಾಡಿದೆ. ಯಾಕೆಂದರೆ ಹೆಚ್ಚುಕಡಿಮೆ ಇದೇ ಸಾಲನ್ನು ನಾನು ಬರೆದಿದ್ದೆ.

ಆಗ ನಾನು ಒಂದು ಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದೆ. ವಿಜ್ಞಾನದ ಪುಟಕ್ಕೆ ನರಗಳ ಬಗ್ಗೆ ಬರೆದುಕೊಟ್ಟೆ, ಅಚ್ಚಾಯಿತು, ಖುಷಿಯಾಯಿತು. ಎರಡು ವಾರಕ್ಕೆ ಒಂದು ಕಾರ್ಡು ಬಂತು. ಗಾಜು ತಾಗಿ ಮಣಿಕಟ್ಟಿನ ನರ ಕತ್ತರಿಸಿ ಹೋಗಿದ್ದ ಒಬ್ಬರು ಎಡಗೈಯಲ್ಲಿ ಬರೆದಿದ್ದರು. ಹೊಲಿಗೆ ಹಾಕಿ ಎರಡು ತಿಂಗಳಾಗಿದೆ, ತೋರುಬೆರಳಿಗೆ ಸ್ಪರ್ಶವೇ ಇಲ್ಲ, ನೀವು ಜೋಡಿಸಿದ ತಕ್ಷಣ ಸರಿಹೋಗುತ್ತದೆ ಅಂತ ಬರೆದಿದ್ದೀರಿ, ಹಾಗಾದರೆ ನನ್ನ ಡಾಕ್ಟರು ಕೆಲಸ ಕೆಡಿಸಿದ್ದಾರಾ? ಅಂತ. ನಮ್ಮ ಹಿರಿಯ ಸಂಪಾದಕರು ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟು, “ಉತ್ತರ ನೀನೇ ಬರಿ” ಅಂದರು. ಬೇರೆ ಏನೂ ಅನ್ನಲಿಲ್ಲ.

ಎರಡು ದಿನ ಗ್ರಂಥಾಲಯದಲ್ಲಿ ಕೂತೆ. ಆಗ ತಿಳಿಯಿತು: ನರದ ಎಳೆ ಅನ್ನುವುದು ಜೀವಂತ ಕೋಶದ ಬಾಲ, ಕೋಶದ ದೇಹ ಇರುವುದು ಬೆನ್ನುಹುರಿಯಲ್ಲಿ ಅಥವಾ ಅದರ ಪಕ್ಕದ ಗಂಟಿನಲ್ಲಿ. ಕತ್ತರಿಸಿದರೆ ಕೋಶದ ದೇಹದಿಂದ ಬೇರೆಯಾದ ಆಚೆಯ ತುಂಡು ಸತ್ತೇ ಹೋಗುತ್ತದೆ. ಡಾಕ್ಟರು ಹೊಲಿಯುವುದು ಹೊರಗಿನ ಕವಚವನ್ನು. ಈಚೆಯ ತುದಿ ಆ ಖಾಲಿ ಕವಚದೊಳಗೆ ಬಳ್ಳಿಯ ಹಾಗೆ ಬೆಳೆಯುತ್ತಾ ಹೋಗಬೇಕು, ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಮಣಿಕಟ್ಟಿನಿಂದ ತೋರುಬೆರಳ ತುದಿಗೆ 18 ಸೆಂಟಿಮೀಟರ್ ಅಂತಿಟ್ಟುಕೊಂಡರೆ 180 ದಿನ, ಆರು ತಿಂಗಳು. ಅವರ ಡಾಕ್ಟರು ಏನೂ ಕೆಡಿಸಿರಲಿಲ್ಲ. ಕೆಡಿಸಿದ್ದು ನಾನು. ಒಬ್ಬ ಮನುಷ್ಯ ತನ್ನ ಕೈ ನೋಡಿಕೊಂಡು ಎರಡು ವಾರ ಸುಮ್ನೆ ಹೆದರಿಕೊಂಡಿದ್ದ, ನನ್ನ ಒಂದು ಹೋಲಿಕೆ ನಂಬಿ. ಇದನ್ನೆಲ್ಲ ಬರೆದು ಕ್ಷಮೆ ಕೇಳಿದೆ. ಕೆಲವು ತಿಂಗಳ ಮೇಲೆ ಇನ್ನೊಂದು ಕಾರ್ಡು ಬಂತು, ಬೆರಳಲ್ಲಿ ಇರುವೆ ಹರಿದ ಹಾಗೆ ಆಗುತ್ತಿದೆ ಅಂತ. ಅದನ್ನು ಈಗಲೂ ಇಟ್ಟುಕೊಂಡಿದ್ದೇನೆ.

ನಿಮ್ಮ ಓದುಗರಲ್ಲೂ ಅಂಥವರು ಒಬ್ಬರು ಇದ್ದೇ ಇರುತ್ತಾರೆ.

ಇನ್ನು ಬಿಸಿ ಪಾತ್ರೆಯ ಸಾಲು. “ಮಿದುಳು ಆಜ್ಞೆ ಕೊಟ್ಟ ಕೂಡಲೇ ಕೈ ಹಿಂದೆ ಸರಿಯುತ್ತದೆ.” ಆಜ್ಞೆಗೆ ಕಾಯುವುದಿಲ್ಲ. ಸುದ್ದಿ ಬೆನ್ನುಹುರಿಗೆ ಹೋಗಿ ಅಲ್ಲಿಂದಲೇ ಸ್ನಾಯುವಿಗೆ ವಾಪಸ್ ಬರುತ್ತದೆ. ಕೈ ಸರಿದ ಮೇಲೆ ನಮಗೆ ‘ಅಯ್ಯೋ ಸುಟ್ಟಿತು’ ಅನ್ನಿಸುವುದು. ಹಾಗಂತ ಮಿದುಳು ಕೈಕಟ್ಟಿ ಕೂತಿರುವುದಿಲ್ಲ. ಬಿಸಿ ಪಾತ್ರೆ ಕೈಯಲ್ಲಿದೆ, ಕಾಲ ಹತ್ತಿರ ಮಗು ಕೂತಿದೆ, ಆಗ ತಾಯಿ ಪಾತ್ರೆ ಬಿಡುವುದಿಲ್ಲ. ಬೆನ್ನುಹುರಿ ಬಿಡು ಅಂದರೂ ಮೇಲಿನಿಂದ ತಡೆ ಬರುತ್ತದೆ. ಈ ಎರಡೂ ಒಟ್ಟಿಗೆ ಬಂದರೆ ಬೆನ್ನುಹುರಿ ಯಾವುದಕ್ಕೆ, ಮಿದುಳು ಯಾವುದಕ್ಕೆ ಅಂತ ಓದುಗನಿಗೆ ತಾನಾಗಿ ತಿಳಿಯುತ್ತದೆ ಅಲ್ವಾ? ನಿಮ್ಮ ‘ರಾಜ ಮತ್ತು ಸೇವಕರು’ ಪ್ಯಾರಾ ಆಗ ಬೇಕಾಗುವುದೇ ಇಲ್ಲ.

ಇನ್ನೊಂದೇ ಮಾತು. “ತೆಳ್ಳಗಿರುವವರ ಕೈ ಮೇಲೆ ಹಸಿರು ನರಗಳು ಎದ್ದು ಕಾಣುತ್ತವೆ.” ಅವು ನರಗಳಲ್ಲ, ರಕ್ತನಾಳಗಳು. ಇದು ನಿಮ್ಮೊಬ್ಬರ ತಪ್ಪಲ್ಲ, ನಮ್ಮ ಮಾತಿನದು. ಇಂಜೆಕ್ಷನ್ ಕೊಡುವಾಗ ‘ನರ ಸಿಗ್ತಿಲ್ಲ’ ಅನ್ನುತ್ತೇವೆ, ಸ್ನಾಯು ಹಿಡಿದುಕೊಂಡರೆ ‘ನರ ಎಳೀತು’ ಅನ್ನುತ್ತೇವೆ. ಕನ್ನಡದಲ್ಲಿ ಈ ವಿಷಯ ಬರೆಯುವವರು ಮೊದಲ ಪ್ಯಾರಾದಲ್ಲೇ ಈ ಗೊಂದಲ ಬಿಡಿಸದಿದ್ದರೆ ಓದುಗ ಕೊನೆಯವರೆಗೂ ರಕ್ತನಾಳವನ್ನೇ ಕಣ್ಣ ಮುಂದಿಟ್ಟುಕೊಂಡು ಓದುತ್ತಾನೆ. ನೀವು ಅದನ್ನು ಬಿಡಿಸುವ ಬದಲು ಗಟ್ಟಿ ಮಾಡಿದ್ದೀರಿ. ನಿಜವಾದ ನರ ಬಿಳಿ ದಾರದಂತೆ ಇರುತ್ತದೆ, ಹೆಚ್ಚಿನ ಕಡೆ ಆಳದಲ್ಲಿ ಅಡಗಿರುತ್ತದೆ. ಆದರೆ ಮೊಣಕೈಯ ಒಳಬದಿಯಲ್ಲಿ ಒಂದು ನರ ಚರ್ಮಕ್ಕೂ ಮೂಳೆಗೂ ನಡುವೆ ಸಿಕ್ಕಿಕೊಂಡ ಹಾಗೆ ಹಾದುಹೋಗುತ್ತದೆ. ಅಲ್ಲಿ ಏನಾದರೂ ತಗುಲಿದರೆ ಕಿರುಬೆರಳು, ಉಂಗುರ ಬೆರಳಿನ ಅರ್ಧ ಜುಮ್ ಅನ್ನುತ್ತವೆ. ಪೆಟ್ಟು ಬಿದ್ದದ್ದು ಮೊಣಕೈಗೆ, ಮಿದುಳು ಓದಿಕೊಂಡದ್ದು ಬೆರಳು ಅಂತ.

ಅಲ್ಲಿಂದ ಶುರು ಮಾಡಿ. ಹೆಸರುಗಳ ಪಟ್ಟಿ, ಮಿದುಳಿನ ಭಾಗಗಳ ವಿವರ ಎಲ್ಲ ಈಗಿರುವ ಹಾಗೇ ಇರಲಿ, ಅದನ್ನು ಆಮೇಲೆ ನೋಡೋಣ. ಈ ಆರು ಸಾಲುಗಳನ್ನು ಮಾತ್ರ ಹೊಸದಾಗಿ ಬರೆದು, ‘ತಂತಿ’ ಎಲ್ಲೂ ಇಲ್ಲದ ಹಾಗೆ ನೋಡಿಕೊಂಡು ಕಳಿಸಿ. ಜೊತೆಗೆ ಆ ಸಂದಿನ ಒಂದು ಚಿತ್ರವನ್ನು ನಿಮ್ಮ ಕೈಯಲ್ಲೇ ಬರೆದು ಕಳಿಸಿ, ಅಂದವಾಗಿ ಇರಬೇಕಾಗಿಲ್ಲ. ಬಂದ ದಿನವೇ ಓದುತ್ತೇನೆ.